ಅವ್ವನ ಸೀರಿ ಕತ್ತರಿಸಿ ಕೌದಿ ಹೊಲೀಬೇಕಂತೀನಿ, ಮತ್ತ ರಾತ್ರಿ ಬರದ ಸಾಲಿನ ಕೆಳಗ ಯಾವ ಹೆಸರು ಹಾಕಲಿ?

ಗದಗಿನ ಮಗಳು

ಎಲ್ಲಾರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತೈತಿ, ದಯವಿಟ್ಟು ಪೂರ್ತಿ ಓದ್ರಿ.

ನಮ್ಮವ್ವ ತೀರಿಕೊಂಡು ಎಂಟು ತಿಂಗಳಾತು. ಹೋದ ತಿಂಗಳು ಅಣ್ಣ ಆಕಿ ಟ್ರಂಕು ತಂದು ನಮ್ಮ ಮನ್ಯಾಗ ಇಟ್ಟು ಹೋದ, ಒಳಗ ಹದಿನಾರು ಸೀರಿ ಅದಾವ, ಅದರಾಗ ಹನ್ನೊಂದು ಇಳಕಲ್ಲು, ಉಳದದ್ದು ಮನ್ಯಾಗ ಉಡೋ ಕಾಟನ್ ಸೀರಿ. ಹಸರ ಇಳಕಲ್ಲಿನ ಸೆರಗಿನ ತುದೀಗೆ ಆಕಿ ಕಟ್ಟಿದ ಗಂಟು ಹಂಗ ಐತಿ. ಮುಟ್ಟಿ ನೋಡಿದ್ರ ಒಳಗ ಒಂದು ನಾಣ್ಯ, ಒಂದು ಅಡಿಕಿ ಚೂರು. ಆ ಗಂಟು ಬಿಚ್ಚಾಕ ನನ್ನ ಕಡೆ ಆಗವಲ್ದು. ಟ್ರಂಕು ತೆಗೀತೀನಿ, ಗಂಟು ಹಿಡಕೊಂಡು ಕುಂದರತೀನಿ, ಮತ್ತ ಮುಚ್ಚತೀನಿ. ದಿನಾ ಇದ ಆಗೇತಿ.

ಈ ಸೀರೀಲೆ ಒಂದು ಕೌದಿ ಹೊಲಿಯೋಣು ಅಂತ ಮನಸಾಗೇತಿ. ಸಣ್ಣಾಕಿ ಇದ್ದಾಗ ಅವ್ವ, ದೊಡ್ಡವ್ವ ಎಲ್ಲಾ ಪಡಸಾಲ್ಯಾಗ ಕುಂತು ಹೊಲೀತಿದ್ರು, ನನ್ನ ಕೆಲಸ ಸೂಜಿಗೆ ದಾರ ಪೋಣಿಸೋದು ಅಷ್ಟ. ನಾನು ಯಾವತ್ತೂ ಪೂರಾ ಒಂದು ಹೊಲದಿಲ್ಲ. ಮನ್ಯಾಗ ಅತ್ತಿಯವರು ಸತ್ತವರ ಅರಿವಿ ಮನ್ಯಾಗ ಇಟ್ಕೋಬಾರದು, ಯಾರಿಗರ ಕೊಟ್ಟು ಬಿಡು ಅಂತಾರ, ಅವರಿಗೂ ವಯಸ್ಸಾಗೇತಿ, ಎದುರು ಮಾತಾಡಾಕ ಮನಸ್ಸು ಬರೂದಿಲ್ಲ.

ಇನ್ನೊಂದು ಮಾತು ಐತಿ, ಇದನ್ನ ಯಾರಿಗೂ ಹೇಳಿಲ್ಲ. ಅವ್ವ ಹೋದ ಮ್ಯಾಲೆ ರಾತ್ರಿ ನಿದ್ದಿ ಬರದಾಗ ಮಗಳ ಹಳೇ ನೋಟ್‌ಬುಕ್ಕಿನ ಹಿಂದ ಸಾಲು ಬರಿಯಾಕತ್ತೀನಿ. ಕವಿತಾ ಅನ್ನಬೇಕೋ ಏನೋ ಗೊತ್ತಿಲ್ಲ. ಒಂದು ಹಾಕತೀನಿ:

ಅಕ್ಕೀಯ ಮ್ಯಾಲೊಂದು ಹೊಸ ಹೆಸರ ಬರೆದಾರ
ಸಕ್ಕಾರಿ ತುತ್ತ ಇಟ್ಟಾರ – ನನ್ನವ್ವ
ಚಿಕ್ಕಂದಿನ ಹೆಸರ ಕರೆದಾಳ

ನಮ್ಮ ಕಡೆ ಮದುವ್ಯಾಗ ಗಂಡನ ಮನಿಯವರು ಹೆಸರು ಬದಲಿಸ್ತಾರ, ತಾಟಿನ್ಯಾಗ ಅಕ್ಕಿ ಹರವಿ ಉಂಗುರಲೇ ಬರಸ್ತಾರ, ಅದನ್ನ ಹೇಳೇನಿ. ಇಪ್ಪತ್ತೊಂದು ವರ್ಷದಿಂದ ಆಧಾರ್, ಬ್ಯಾಂಕು, ರೇಷನ್ ಕಾರ್ಡು ಎಲ್ಲಾ ಆ ಹೆಸರಲೇ. ಹಳೇ ಹೆಸರಲೇ ಕರೀತಿದ್ದಾಕಿ ಅವ್ವ ಒಬ್ಬಾಕಿನ. ಈಗ ಆ ಹೆಸರು ಕರಿಯವರು ಯಾರೂ ಇಲ್ಲ, ಅದು ಹೊಳದ ದಿನ ನನಗ ಉಸರು ಕಟ್ಟಿದಂಗ ಆತು. ಬರದದ್ದರ ಕೆಳಗ ಹೆಸರು ಹಾಕೋಣು ಅಂತ ಪೆನ್ನು ಇಡತೀನಿ, ಎರಡೂ ಹೆಸರು ನನ್ನವಲ್ಲ ಅನಸತೈತಿ.

ಸೀರಿ ಕತ್ತರಿಸಲೋ ಬ್ಯಾಡೋ, ಕತ್ತರಿಸಿದ್ರ ಎಲ್ಲಿಂದ ಶುರು ಮಾಡಲಿ, ಮತ್ತ ಆ ಹೆಸರಿಂದು. ತಿಳದವರು ಹೇಳ್ರಿ.

ಕಸೂತಿ ಅಜ್ಜಿ, ಧಾರವಾಡ

ತಂಗಿ, ಮೊದಲ ಸೀರಿ ವಿಷಯ ಹೇಳ್ತೀನಿ, ಅಳೋದು ಆಮ್ಯಾಲೆ ಇಬ್ಬರೂ ಕೂತು ಅಳೋಣ.

ಕತ್ತರಿಸು. ಸತ್ತವರ ಅರಿವಿ ಅಂತಾರಲ್ಲ, ಕೌದಿ ಹುಟ್ಟೋದ ಅದರಿಂದ. ಅಜ್ಜಿ ಸೀರಿ, ಅಜ್ಜನ ಧೋತರ, ಕೂಸಿನ ಅಂಗಿ ಎಲ್ಲಾ ಸೇರಿದ್ರನ ಕೌದಿ. ನಿಮ್ಮ ಅತ್ತಿಯವರು ಹೊಚ್ಚಿಕೊಂಡು ಬೆಳದ ಕೌದಿಯೊಳಗೂ ಯಾರೋ ಹೋದವರ ಸೀರಿ ಇದ್ದಿರಲಿಕ್ಕೇ ಬೇಕು. ಇದನ್ನ ಅವರಿಗೆ ಜಗಳದ ಮಾತಿನ್ಹಂಗ ಹೇಳಬ್ಯಾಡ, ಅವರ ಹಳೇ ಸೀರಿ ಒಂದು ಕೇಳಿ ತೊಗೋ, ನಿಮ್ಮದೂ ಒಂದು ತುಂಡು ಇರಲಿ ಅನ್ನು. ಆಮ್ಯಾಲೆ ನೋಡು, ಅವರ ಸೂಜಿ ಹಿಡಕೊಂಡು ಬರ್ತಾರ.

ಇಳಕಲ್ಲಿನೊಳಗ ಒಡಲು ಹತ್ತಿ, ಟೋಪ ತೆನಿ ಅನ್ನೋ ಸೆರಗು ರೇಷ್ಮಿ, ಎರಡರ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರ್ತಾರ. ಅದಕ್ಕ ಸೆರಗು ಬ್ಯಾರೆ ತಗದು ಇಡು, ಒಡಲು ಅಷ್ಟ ಕೌದಿಗೆ ಹಾಕು. ಹತ್ತಿ, ರೇಷ್ಮಿ ಕೂಡಿಸಿ ಹೊಲದ್ರ ಒಗದಾಗ ಒಂದೊಂದು ಒಂದೊಂದು ಕಡೆ ಎಳೀತದ. ಒಳಗಿನ ಪದರಕ್ಕ ಮನ್ಯಾಗ ಉಡೋ ಕಾಟನ್ ಸೀರಿ ಹಾಕು, ಮೆತ್ತಗಿರ್ತದ. ಮೊದಲ ಎಲ್ಲಾ ಒಗದು ಬಿಸಲಿಗೆ ಹಾಕಿ ಗಂಜಿ ಪೂರ್ತಿ ತಗದಿರಬೇಕು ಮತ್ತ.

ನಾನು ನಲವತ್ತು ವರ್ಷದಿಂದ ಕಸೂತಿ ಹಾಕ್ತೀನಿ. ಯಜಮಾನರು ತೀರಿಕೊಂಡ ವರ್ಷ ನಾನು ಮಾತು ಬಿಟ್ಟಿದ್ದೆ, ಯಾರ ಕೂಡನೂ ಮಾತಿಲ್ಲ, ಬರೇ ಗವಂತಿ ಹಾಕ್ತಿದ್ದೆ. ಗವಂತಿ ಅಂದ್ರ ಹೋಗೋವಾಗ ಒಂದು ಎಳಿ ಬಿಟ್ಟು ಒಂದು ಹಾಕಿ, ವಾಪಸ್ ಬರೋವಾಗ ಬಿಟ್ಟ ಜಾಗ ತುಂಬೋದು, ಹಿಂದ ಮುಂದ ಎರಡೂ ಕಡೆ ಒಂದ ಥರ ಕಾಣಬೇಕು, ಗಂಟು ಕಾಣಬಾರದು. ಮುರಗಿ, ನೇಗಿ, ಮೆಂಥಿ ಅಂತ ಕಸೂತಿಯ ಬ್ಯಾರೆ ಹೊಲಿಗಿ ಅದಾವ, ಯಾವುದೂ ಬ್ಯಾಡಾಗಿತ್ತು ನನಗ, ಬರೇ ಗವಂತಿ. ಬಟ್ಟಿ ಮ್ಯಾಲೆ ಗೆರಿ ಬರಕೊಳ್ಳೋ ಹಂಗಿಲ್ಲ ಕಸೂತಿಯೊಳಗ, ಎಳಿ ಎಣಿಸಿ ಹಾಕಬೇಕು. ಎಣಿಸೋವಾಗ ಬ್ಯಾರೆ ವಿಚಾರ ಬಂದ್ರ ಲೆಕ್ಕ ತಪ್ತದ, ಬಿಚ್ಚಿ ಮತ್ತ ಹಾಕಬೇಕು. ಹಂಗ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ತುಳಸಿ ಕಟ್ಟಿ ಚಿತ್ರ ಒಂದು ಮುಗಿಸೋದರಾಗ ಶ್ರಾವಣ ಬಂತು. ಆ ದಿನ ಮಗನಿಗೆ ಚಹಾ ಮಾಡ್ಲೇನಪಾ ಅಂತ ಕೇಳಿದೆ, ಅವ ಗಾಬರಿಯಾಗಿ ನೋಡಿದ.

ಆ ಗಂಟು ಬಿಚ್ಚಬ್ಯಾಡ. ಸೆರಗಿನ ಆ ಮೂಲಿ ಅಷ್ಟ ಗಂಟು ಸಮೇತ ಕತ್ತರಿಸಿ ಇಟ್ಕೋ.

ಮೌನಿ 72

ಬೇಜಾರು ಮಾಡ್ಕೋಬೇಡಿ, ನಂದು ಬೇರೆ ಅಭಿಪ್ರಾಯ. ಕತ್ತರಿಸಿದ್ ಮೇಲೆ ಮತ್ತೆ ಸೀರೆ ಆಗಲ್ಲ. ನಾನು ಅಮ್ಮನ ಸೀರೆಗಳನ್ನ ಆರೇ ತಿಂಗಳಿಗೆ ಅವಸರದಲ್ಲಿ ಹಂಚಿಬಿಟ್ಟೆ, ಈಗ ಒಂದು ಇರಬೇಕಿತ್ತು ಉಡೋಕೆ ಅನ್ಸುತ್ತೆ. ಎರಡಾದ್ರೂ ಇಡಿಯಾಗಿ ಇಟ್ಕೊಳಿ.

ಮಳೆಕಾಡು, ಸಾಗರ

ಅಕ್ಕಾ, ನಿಮ್ಮ ಮೂರು ಸಾಲು ಓದಿ ಕೆಲಸ ಬಿಟ್ಟು ಸುಮ್ಮನೆ ಕೂತೆ. ಕವಿತೆ ಹೌದೋ ಅಲ್ವೋ ಅಂತ ಕೇಳ್ಬೇಡಿ ಇನ್ನು.

ನಾನು ಮದುವೆ ಮುರಿದುಕೊಂಡು ತವರಿಗೆ ಬಂದವಳು, ನಾಲ್ಕು ವರ್ಷ ಆಯ್ತು. ನಮ್ಮದು ದೀವರ ಮನೆ, ಮದುವೆ ಮನೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯೋರು. ಬಂದ ಹೊಸದ್ರಲ್ಲಿ ಊರಿನ ಮದುವೆಗಳಿಗೆ ಹೋಗ್ತಿರ್ಲಿಲ್ಲ, ಕೇಳ್ತಾರಲ್ಲ ಎಲ್ಲ ಒಂದೇ ಪ್ರಶ್ನೆನ. ಚಿಕ್ಕಮ್ಮ ಒಂದಿನ ಭೂಮಿ ಹುಣ್ಣಿಮೆ ಹತ್ರ ಬಂತು ಅಂತ ಭೂಮಣ್ಣಿ ಬುಟ್ಟಿ ತಂದು ಮುಂದೆ ಇಟ್ರು, ಹೊಲಕ್ಕೆ ಎಡೆ ಒಯ್ಯೋ ಬುಟ್ಟಿ. ಮಾತಾಡ್ಲಿಲ್ಲ ಅವರು. ಕೆಮ್ಮಣ್ಣು ಬಳಿದು ಒಣಗಿಸಿ ಆಗಿತ್ತು, ನೆನೆಸಿದ ಅಕ್ಕಿ ಅರೆದ ಬಿಳಿ ಒಂದು ಚಿಪ್ಪಲ್ಲಿ, ಅಕ್ಕಿ ಹುರಿದು ಕರಿ ಮಾಡಿ ಅರೆದ ಕಪ್ಪು ಇನ್ನೊಂದು ಚಿಪ್ಪಲ್ಲಿ. ಪುಂಡಿ ನಾರಿನ ಕುಂಚ ನನ್ನ ಕೈಗೆ ಕೊಟ್ಟು ಎದುರು ಕೂತ್ರು. ನಂಗೆ ಕೈ ನಡುಗ್ತಿತ್ತು, ಸ್ಕೇಲ್ ಇಲ್ದೆ ಎಳೆ ನೇರ ಹೋಗ್ಬೇಕಲ್ಲ. ಮೊದಲ ಎಳೆ ಸೊಟ್ಟ ಹೋಯ್ತು. ಚಿಕ್ಕಮ್ಮ ಅಳಿಸ್ಲಿಲ್ಲ, ಅದರ ಪಕ್ಕನೇ ಅಷ್ಟೇ ಸೊಟ್ಟಗೆ ಇನ್ನೊಂದು ಎಳೆ ಎಳೆದ್ರು, ನಾನು ಮೂರನೇದು ಎಳೆದೆ. ನಾಲ್ಕನೇ ಎಳೆ ಹೊತ್ತಿಗೆ ಅದು ಬೇಕಂತಲೇ ಬಾಗಿಸಿದ ಹಾಗೆ ಕಾಣ್ತಿತ್ತು.

ಹೆಸರಿನ ಬಗ್ಗೆ ನಂಗೆ ಅನ್ಸಿದ್ದು, ಹಸೆಗೋಡೆ ಮೇಲೆ ಚಿಕ್ಕಮ್ಮ ಹೆಸರು ಬರೆಯಲ್ಲ. ಆದ್ರೆ ಮದುವೆ ಮನೆ ಒಳಗೆ ಹೋದ ಕೂಡ್ಲೇ ಅಮ್ಮ ಹೇಳ್ತಾರೆ, ಇದು ಅವಳ ಕೈ ಅಂತ. ಹೆಸರು ಈಗ್ಲೇ ಬೇಕಾ? ಖಾಲಿ ಬಿಟ್ಟು ನೋಡಿ ಸ್ವಲ್ಪ ದಿನ.

ತ್ರಿಪದಿ ಪ್ರೀತಿ

ಮಳೆಕಾಡು ಅವರೇ, ನಿಮ್ಮ ಮಾತು ಚೆಂದ ಇದೆ, ಆದ್ರೆ ನಾನು ಇಲ್ಲಿ ಒಪ್ಪಲ್ಲ. ಹೆಣ್ಣುಮಕ್ಕಳು ಹೆಸರು ಹಾಕದೇ ಬಿಟ್ಟು ಬಿಟ್ಟು ಎಷ್ಟು ಕಳ್ಕೊಂಡಿದೀವಿ ನೋಡಿ. ಹಲಸಂಗಿ ಗೆಳೆಯರು ಅನ್ನೋ ಸಾಹಿತ್ಯದ ಗುಂಪಿನವರು 1931ರಲ್ಲಿ ಗರತಿಯ ಹಾಡು ಅಂತ ಬೀಸೋಕಲ್ಲಿನ ಪದಗಳನ್ನ ಸೇರಿಸಿ ಅಚ್ಚು ಹಾಕಿದ್ರು, ಅವರು ಮಾಡದೇ ಇದ್ದಿದ್ರೆ ನಮಗೆ ಅಷ್ಟೂ ಸಿಗ್ತಿರ್ಲಿಲ್ಲ, ಆ ಋಣ ದೊಡ್ಡದು. ಆದ್ರೆ ತವರಿನ ದುಃಖ, ಗಂಡನ ಮನೆ ಕಷ್ಟ ಕಟ್ಟಿ ಹಾಡಿದ ಆ ಒಬ್ಬೊಬ್ಬ ಹೆಂಗಸಿನ ಹೆಸರು ಏನಿತ್ತು? ಅಕ್ಕಾ, ನೀವು ಬರೆದಿರೋದು ಅದೇ ತ್ರಿಪದಿ, ಅಕ್ಕಿ ಸಕ್ಕರೆ ಚಿಕ್ಕ ಅಂತ ಪ್ರಾಸನೂ ತಾನಾಗೇ ಕೂತಿದೆ. ನಿಮ್ಮ ಅವ್ವ ಬೀಸುವಾಗ ಹಾಡಿದ್ದು ನಿಮ್ಮ ಕಿವೀಲಿ ಉಳಿದಿದೆ ಅನ್ಸುತ್ತೆ.

ಎರಡೂ ಹೆಸರು ನಿಮ್ದಲ್ಲ ಅನ್ಸಿದ್ರೆ ಮೂರನೇದು ಇಟ್ಕೊಳಿ. ಹನ್ನೆರಡನೇ ಶತಮಾನದ ಶರಣೆಯರು ವಚನದ ಕೊನೇಲಿ ಅಂಕಿತ ಹಾಕಿದ್ರು, ಯಾರೋ ಅಕ್ಕಿಯಲ್ಲಿ ಬರೆಸಿದ್ದಲ್ಲ ಅದು. ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಅಂದ್ರು. ಸೂಳೆ ಸಂಕವ್ವನ ವಚನ ನಮಗೆ ಸಿಕ್ಕಿರೋದು ಒಂದೇ ಒಂದು, ಅದರ ಅಂಕಿತ ನಿರ್ಲಜ್ಜೇಶ್ವರ. ಲೋಕ ಯಾವ ಮಾತಿನಿಂದ ಅವಳನ್ನ ಕುಗ್ಗಿಸ್ತಿತ್ತೋ ಅದನ್ನೇ ತಗೊಂಡು ದೇವರ ಹೆಸರು ಮಾಡಿಟ್ಳು, ನಾನು ಪಾಠ ಮಾಡುವಾಗ ಪ್ರತಿ ವರ್ಷ ಆ ಜಾಗದಲ್ಲಿ ಗಂಟಲು ಕಟ್ಟುತ್ತೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರೇ ಇದೆ, ಮಾರಯ್ಯಪ್ರಿಯ ಅಮರೇಶ್ವರಲಿಂಗ ಅಂತ. ಆದ್ರೆ ಆ ಮಾರಯ್ಯ ಒಂದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ "ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ" ಅಂತ ಕೇಳಿದವಳು ಅವಳೇ, ಹೋಗಿ ವಾಪಸ್ ಸುರಿದು ಬಾ ಅಂದವಳು. ಹಾಗಾಗಿ ಗಂಡನ ಮನೆ ಹೆಸರು ಇಟ್ಕೊಂಡ್ರೂ ಧ್ವನಿ ನಿಮ್ದೇ ಆಗಿರಬಹುದು, ಅದಕ್ಕೆ ಹೆದರಬೇಡಿ. ಇನ್ನು ನಮ್ಮ ಕಾಲಕ್ಕೆ ಬಂದ್ರೆ, ಕತೆಗಾರ್ತಿ ವೈದೇಹಿ ಅವರ ಆ ಹೆಸರು ಕೂಡ ಸುಧಾ ವಾರಪತ್ರಿಕೆಯವರು ಇಟ್ಟ ಹೆಸರು. ಕಳಿಸಿದ ಕತೆ ನಿಜ ಜೀವನದ್ದು, ಹಾಕಬೇಡಿ ಅಂತ ಅವರು ಬರೆದಾಗ ಸಂಪಾದಕರು ಹೆಸರು ಬದಲಿಸಿ ಅಚ್ಚು ಹಾಕಿದ್ರು. ಬೇರೆಯವರು ಇಟ್ಟ ಹೆಸರನ್ನೂ ಬರೆದು ಬರೆದು ತಮ್ಮದು ಮಾಡ್ಕೊಂಡ್ರು ಅವರು.

ದಯವಿಟ್ಟು ಏನಾದ್ರೂ ಒಂದು ಹಾಕಿ. ತಾರೀಕೂ ಹಾಕಿ.

ಯಲ್ಲಾಪುರ ಟೀಚರ್

ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ನಮ್ಮ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿ ನೋಡಿದೀರಾ, ಕವಂದಿ ಅಂತಾರೆ. ಅವರು ಅಂಚಿನಿಂದ ಶುರು ಮಾಡ್ತಾರೆ. ಒಂದು ಮೂಲೆ ಹಿಡಿದು ಸುತ್ತ ಹೊಲೀತಾ ಹೊಲೀತಾ ಒಳಗೊಳಗೆ ಬರೋದು, ತುಂಡು ಜೋಡಿಸೋದು ದಾರ ಹಾಕೋದು ಎರಡೂ ಒಟ್ಟಿಗೇ, ಕೊನೆಗೆ ನಡುವಿಗೆ ಬಂದು ಮುಗಿಯುತ್ತೆ. ಮೊದಲೇ ನಕ್ಷೆ ಹಾಕ್ಕೊಳ್ಳಲ್ಲ, ಕೈಗೆ ಸಿಕ್ಕ ಬಣ್ಣ ನೋಡಿ ಮುಂದಿನ ತುಂಡು. ನಿಮಗೆ ಇದು ಒಳ್ಳೇದು ಅನ್ಸುತ್ತೆ ಯಾಕಂದ್ರೆ ಎಲ್ಲಾ ಸೀರೆ ಒಂದೇ ದಿನ ಕತ್ತರಿಸೋ ಸಂಕಟ ಇಲ್ಲ, ಇವತ್ತು ಎಷ್ಟು ಬೇಕೋ ಅಷ್ಟು ಸಾಕು.

ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನ ಮಾಡಿ ಪದರ ಪದರವಾಗಿ ಕೂರಿಸ್ತಾರೆ, ಅದಕ್ಕೆ ಫೂಲಾ ಅಂತಾರೆ, ಹೂವು. ಫೂಲಾ ಇಲ್ದೆ ಕೌದಿ ಬೆತ್ತಲೆ ಅನ್ನೋ ಮಾತಿದೆ ಅವರಲ್ಲಿ. ನಿಮ್ಮ ಅವ್ವನ ಗಂಟನ್ನ ಒಂದು ಮೂಲೇಲಿ ಕೂರಿಸಿದ್ರೆ ಹೇಗೆ?

ಶಾಂತಿಯ ಕಡೆ, ಬೆಂಗಳೂರು

ನಾನು ಕೌನ್ಸೆಲಿಂಗ್ ಕೆಲಸ ಮಾಡೋಳು, ಎರಡು ಮಾತು ಅಷ್ಟೇ. ರಾತ್ರಿ ಬರೀತೀನಿ ಅಂದ್ರಿ. ಬರೆದ ಮೇಲೆ ಸಂಕಟ ಜಾಸ್ತಿ ಆಗ್ಬಹುದು, ಆಗ ಬರೆಯೋದು ತಪ್ಪಾಯ್ತೇನೋ ಅಂತ ಹೆದರಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಜೀವನದ ನೋವಿನ ಬಗ್ಗೆ ಬರೆಯೋಕೆ ಹೇಳಿದ್ರು. ಬರೆದ ಕೂಡಲೇ ಅವರಿಗೆ ಬೇಸರ ಹೆಚ್ಚೇ ಆಗಿತ್ತು, ಆದ್ರೆ ಏನಾಯ್ತು, ಅದರಿಂದ ತನಗೆ ಏನನ್ನಿಸ್ತು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ರ ಹೋಗಿದ್ದು ಕಮ್ಮಿ. ನಿಮ್ಮ ತ್ರಿಪದೀಲಿ ಎರಡೂ ಇದೆ.

ಆದ್ರೆ ಎಂಟು ತಿಂಗಳಾದ್ರೂ ನಿದ್ದೆ ಇಲ್ಲ, ಉಸಿರು ಕಟ್ಟಿದ ಹಾಗೆ ಆಗುತ್ತೆ ಅಂದ್ರೆ ಹೊಲಿಗೆ ಕವಿತೆ ಜೊತೆ ಇನ್ನೊಬ್ಬರ ಹತ್ರ ಮಾತೂ ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ. ಮಾಡಿ, ದಯವಿಟ್ಟು.

ಗದಗಿನ ಮಗಳು

ಹದಿನೆಂಟು ದಿನದ ಮ್ಯಾಲೆ ಬರೆಯಾಕತ್ತೀನಿ, ಕ್ಷಮಿಸ್ರಿ. ಎಲ್ಲಾರದೂ ನಾಲ್ಕು ನಾಲ್ಕು ಸಲ ಓದೇನಿ.

ಎರಡು ಇಳಕಲ್ಲು ಇಡೀ ಇಟ್ಟೇನಿ, ಮೌನಿಯವರು ಹೇಳಿದ್ದು ಮನಸಿಗೆ ಹತ್ತಿತು. ಆ ನಂಬರಿಗೆ ಒಂದು ಮಧ್ಯಾಹ್ನ ಫೋನ್ ಮಾಡಿದೆ, ಭಾಳ ಹೊತ್ತು ಅತ್ತೆ, ಆ ಕಡೆ ಇದ್ದಾಕಿ ಅಳಾಕ ಬಿಟ್ಟಳು. ಅತ್ತಿಯವರ ಹಂತ್ಯಾಕ ಹೋಗಿ ಅಜ್ಜಿ ಹೇಳಿದಂಗ ಕೇಳಿದೆ, ಮೊದಲ ಸುಮ್ಮನಿದ್ರು, ಮರುದಿನ ಮುಂಜಾನೆ ತಮ್ಮ ನೀಲಿ ಸೀರಿ ತಂದು ನನ್ನ ತೊಡಿ ಮ್ಯಾಲೆ ಇಟ್ರು. ಆಮ್ಯಾಲೆ ಒಂದು ಮಾತು ಕೇಳಿದ್ರು, ನಿಮ್ಮವ್ವ ನಿನ್ನ ಏನಂತ ಕರೀತಿದ್ಲು ಅಂತ. ಇಪ್ಪತ್ತೊಂದು ವರ್ಷದಾಗ ಮೊದಲನೇ ಸಲ. ಹೇಳಿದೆ. ಅವರು ಹೌದಾ ಅಂದ್ರು, ನನಗೂ ತವರಮನ್ಯಾಗ ಬ್ಯಾರೆ ಹೆಸರು ಇತ್ತು ಅಂದ್ರು, ಆ ಹೆಸರು ನನಗ ಅಷ್ಟ ಹೇಳ್ಯಾರ, ಇಲ್ಲಿ ಬರಿಯಂಗಿಲ್ಲ.

ಅಂಚಿನಿಂದ ಶುರು ಮಾಡೇವಿ, ಒಂದು ಕಡೆಯಿಂದ ನಾನು, ಎದುರು ಅವರು. ಎರಡು ಸುತ್ತು ಆಗೇತಿ. ಸಾಲಿನ ಕೆಳಗ ಸದ್ಯಕ್ಕ ತಾರೀಕು ಅಷ್ಟ ಹಾಕಾಕತ್ತೀನಿ, ಹೆಸರಿಗೆ ಜಾಗ ಬಿಟ್ಟೇನಿ.

ಗಂಟಿನ ಮೂಲಿ ಈಗ ಕೂರಸಬೇಕಂತೀವಿ. ರೇಷ್ಮಿ ಮ್ಯಾಲೆ ಹತ್ತಿ, ಅದರ ಮ್ಯಾಲೆ ಗಂಟು, ಸೂಜಿ ಒಳಗ ಹೋಗವಲ್ದು, ಎರಡು ಮುರದಾವ. ಏನು ಮಾಡಲಿ ಅಜ್ಜಿ?

ಕಸೂತಿ ಅಜ್ಜಿ, ಧಾರವಾಡ

ಗಂಟಿನ ಮ್ಯಾಲೆ ಯಾಕ ಹಾಕ್ತಿ ತಂಗಿ, ಒಳಗ ನಾಣ್ಯ ಅದ ಅಂತ ನೀನ ಹೇಳೀದಿ. ಗಂಟು ಮ್ಯಾಲೆ ಬಿಡು, ಅದರ ಬುಡದ ಸುತ್ತ ಸಣ್ಣ ಸಣ್ಣ ಹೊಲಿಗಿ ಹಾಕು, ಎರಡು ಸುತ್ತು. ದಾರಕ್ಕ ಮೇಣ ಹಚ್ಚಿಕೋ, ಜಗ್ಗಂಗಿಲ್ಲ. ನಿಮ್ಮ ಅತ್ತಿಗೆ ಕಣ್ಣು ಮಂಜ ಇದ್ರ ಸೂಜಿಗೆ ದಾರ ನೀನ ಪೋಣಿಸಿ ಕೊಡು, ಆ ಕೆಲಸ ನಿನಗ ಬರ್ತದಲ್ಲ.