ಅಪ್‌ಡೇಟ್: ಮುಂದಿನ ಬ್ರೇಕ್ ಡಿಸ್ಕ್ ಬದಲಾಯ್ತು, ಜಾಮ್ ಆಗಿದ್ದ ಬೋಲ್ಟ್‌ಗಳೂ ಬಂದವು

ಬೈಕಿನ ಮುಂದಿನ ಡಿಸ್ಕಿನ ಅಲೆನ್ ಬೋಲ್ಟ್‌ಗಳು (ತಲೆಯಲ್ಲಿ ಆರು ಮೂಲೆಯ ಗುಳಿ ಇರೋವು) ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ, ಬ್ರೇಕ್ ಹಿಡಿದರೆ ಹ್ಯಾಂಡಲ್ ನಡುಗುತ್ತೆ ಅಂತ ಹೋದ ವಾರ ಕೇಳಿದ್ದೆ. ಎರಡೂ ಸರಿಹೋಯ್ತು.

ತುಕ್ಕು ಬಿಡಿಸೋ ಸ್ಪ್ರೇಯಿಂದ ಏನೂ ಆಗಲಿಲ್ಲ. ಹಿಡಿದಿದ್ದು ತುಕ್ಕಲ್ಲ, ಥ್ರೆಡ್ ಲಾಕರ್, ಅಂದರೆ ಬೋಲ್ಟ್ ಸಡಿಲವಾಗದಂತೆ ಅದರ ಎಳೆಗಳಿಗೆ ಹಚ್ಚೋ ಅಂಟು. ಅಲೆನ್ ಕೀಗೆ ಪೈಪ್ ತೂರಿಸಿ ಎಳೆಯಿರಿ ಅಂತ ಬಂದಿದ್ದ ಸಲಹೆಯಂತೂ ಬೇಡವೇ ಬೇಡ, ಒಂದು ಬೋಲ್ಟಿನ ತಲೆ ಅದರಿಂದಲೇ ಸವೆಯಿತು. ಕೈಹಿಡಿದಿದ್ದು ಹೀಟ್ ಗನ್: ಒಂದೊಂದು ಬೋಲ್ಟ್‌ಗೂ ಅಂಟು ಮೆತ್ತಗಾಗಲು ಎರಡು-ಮೂರು ನಿಮಿಷ ಬಿಸಿ ಕೊಟ್ಟು, ಆರುವ ಮೊದಲೇ ಇಂಪ್ಯಾಕ್ಟ್ ಡ್ರೈವರ್ (ಏಟು ಬಿದ್ದರೆ ಬೋಲ್ಟನ್ನು ತಿರುಗಿಸೋ ಸಾಧನ) ಇಟ್ಟು ಸುತ್ತಿಗೆಯಿಂದ ಒಂದೇಟು. ಐದರಲ್ಲಿ ನಾಲ್ಕು ಹಾಗೇ ಬಂದವು. ಸವೆದಿದ್ದಕ್ಕೆ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ತುದಿ) ಬಡಿದು ಕೂರಿಸಿ ತಿರುಗಿಸಬೇಕಾಯ್ತು.

ಯಾರೂ ಹೇಳದಿದ್ದ ಸಂಗತಿ ಒಂದಿದೆ. ಹೊಸ ಡಿಸ್ಕ್ ಹಾಕಿದ ಮೇಲೂ ಸಣ್ಣ ಅಲುಗಾಟ ಅಳೆಯೋ ಡಯಲ್ ಗೇಜ್, ಡಿಸ್ಕ್ ತಿರುಗುವಾಗ 0.4 ಮಿ.ಮೀ. ಪಕ್ಕಕ್ಕೆ ಓಲಾಟ ತೋರಿಸಿತು! ಡಿಸ್ಕ್ ಕೂರೋ ಹಬ್ಬಿನ (ಚಕ್ರದ ನಡುಭಾಗ) ಮುಖದ ಮೇಲೆ ಹಳೇ ಅಂಟು, ಬಿಳಿ ಕೊಳೆ ಗಟ್ಟಿಯಾಗಿ ಕೂತಿತ್ತು. ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜಿ ತೆಗೆದರೆ 0.1ಕ್ಕಿಳಿಯಿತು. ನಡುಕಕ್ಕೆ ಅರ್ಧ ಕಾರಣ ಅದೇ ಇರಬೇಕು.

ಬೋಲ್ಟ್‌ಗಳೂ ಪ್ಯಾಡೂ ಹೊಸವು. ಬೋಲ್ಟ್‌ಗೆ ನೀಲಿ ಥ್ರೆಡ್ ಲಾಕರ್ ಒಂದೊಂದು ಹನಿ, ಎದುರುಬದುರಾಗಿ ಬಿಗಿತ, ಕೊನೆಗೆ ಮ್ಯಾನ್ಯುಯಲ್ಲಿ ಹೇಳಿದಷ್ಟು ಟಾರ್ಕ್ (ತಿರುಗಿಸೋ ಬಲ). ಡಿಸ್ಕ್ ಮೇಲಿನ ಎಣ್ಣೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಗಾಡಿ ತೆಗೆಯೋ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗೋವರೆಗೂ ಮತ್ತೆ ಮತ್ತೆ ಒತ್ತಲೇಬೇಕು, ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತಿಗೆ ಬ್ರೇಕ್ ಸಿಗೋದೇ ಇಲ್ಲ.