2021ರ ನೆಕ್ಸಾನ್ ಇವಿನಾ, 2023ರ ಟಿಯಾಗೊ ಇವಿನಾ? ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ಸಲಹೆ ಬೇಕು

ಪ್ರಶ್ನೆ:
ದಿನಾ ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರಬೇಕು, 60 ಕಿ.ಮೀ. ಹತ್ತಿರ ಆಗುತ್ತೆ. ಆಗಾಗ ಮೈಸೂರು. ನೋಡಿರುವ ಗಾಡಿಗಳು ಎರಡು, ಎರಡೂ ಟಾಟಾದ ಎಲೆಕ್ಟ್ರಿಕ್ ಕಾರು: ನೆಕ್ಸಾನ್ ಇವಿ (30.2 ಯೂನಿಟ್ ಬ್ಯಾಟರಿ), 68,000 ಕಿ.ಮೀ. ಓಡಿದೆ, ಟಿಯಾಗೊ ಇವಿ (24 ಯೂನಿಟ್), 31,000 ಓಡಿದೆ. ಬೆಲೆ ಹೆಚ್ಚುಕಮ್ಮಿ ಒಂದೇ. ಬ್ಯಾಟರಿ ಎಷ್ಟು ಸವೆದಿದೆ ಅಂತ ಕೊಳ್ಳೋ ಮುಂಚೆ ತಿಳಿಯೋದು ಹೇಗೆ?

ಉತ್ತರ 1:
ಓಡೋಮೀಟರ್ ನೋಡಿ ತೀರ್ಮಾನಿಸಬೇಡಿ, ಬ್ಯಾಟರಿ ಅಳೆದು ನೋಡಿ. ಡ್ಯಾಶ್‌ಬೋರ್ಡ್ ತೋರಿಸುವ ರೇಂಜ್ ಹಿಂದಿನ ಓಡಾಟದ ಮೇಲಿನ ಅಂದಾಜು, ಅದು ಸಾಕ್ಷಿಯಲ್ಲ.

16 ಆಂಪ್ ಪ್ಲಗ್-ಇನ್ ಎನರ್ಜಿ ಮೀಟರ್ ಒಂದು ಸಿಗುತ್ತೆ. ಮಾಲೀಕರನ್ನು ಒಪ್ಪಿಸಿ ನೆಕ್ಸಾನನ್ನು 20%ಗೆ ಇಳಿಸಿ, ರಾತ್ರಿ ಆ ಮೀಟರ್ ಮೂಲಕ 100% ಮಾಡಿ. 30.2ರ 80% ಅಂದ್ರೆ 24.2 ಯೂನಿಟ್, ಚಾರ್ಜರ್‌ನಲ್ಲಿ 10–12% ನಷ್ಟವಾಗುತ್ತೆ, ಹಾಗಾಗಿ ಹೊಸ ಬ್ಯಾಟರಿ ಗೋಡೆಯ ಸಾಕೆಟ್‌ನಿಂದ ಸುಮಾರು 27 ಯೂನಿಟ್ ಎಳೆಯುತ್ತೆ. 23ಕ್ಕೇ ತುಂಬಿದರೆ ಉಳಿದಿರೋದು 85% ಅಷ್ಟೇ. 21ಕ್ಕೆ ತುಂಬಿದರೆ ಆ ಗಾಡಿ ಬೇಡ. ಟಿಯಾಗೊಗೆ ಇದೇ ಲೆಕ್ಕ ಹಾಕಿದರೆ 21–22 ಬರಬೇಕು.

ಎರಡರಲ್ಲೂ ಇರೋದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಅವುಗಳ ವೋಲ್ಟೇಜ್ ನಡುವಿನ ಹಂತದಲ್ಲಿ ಅಷ್ಟಾಗಿ ಬದಲಾಗಲ್ಲ, ಹಾಗಾಗಿ ಬಿಎಂಎಸ್‌ಗೆ (ಬ್ಯಾಟರಿಯನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ) ನಿಜವಾದ ಚಾರ್ಜ್ ತಿಳಿಯೋದು ಪೂರ್ತಿ ತುಂಬಿದಾಗ. ಬರೀ 80%ವರೆಗೆ ಫಾಸ್ಟ್ ಚಾರ್ಜ್ ಮಾಡಿಕೊಂಡು ಓಡಿಸಿದ ಗಾಡಿಯಲ್ಲಿ ಸೆಲ್‌ಗಳು ಸಮ ತಪ್ಪಿರುತ್ತವೆ. ತೋರಿಸುತ್ತಿದ್ದ ಚಾರ್ಜ್ ಇದ್ದಕ್ಕಿದ್ದಂತೆ ಕುಸಿಯುತ್ತೆ. ಅದಕ್ಕೇ 20%ಗೆ ಇಳಿಸುವಾಗ ಪಕ್ಕದ ಸೀಟಲ್ಲಿ ಕೂತು ಸಂಖ್ಯೆ ಒಂದೊಂದಾಗಿ ಇಳಿಯುತ್ತಾ ಅಂತ ನೋಡಿ. ಸ್ವಲ್ಪ ಹಾರಿದರೆ ಎರಡು ಮೂರು ಸಲ ನಿಧಾನವಾಗಿ 100% ಚಾರ್ಜ್ ಮಾಡಿದ ಮೇಲೆ ಸರಿಹೋಗಬಹುದು. ಆಮೇಲೂ ಹಾರಿದರೆ ಯಾವುದೋ ಸೆಲ್ ಸೊರಗಿದೆ.

ಉತ್ತರ 2:
ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸದೆ ಅಡ್ವಾನ್ಸ್ ಕೊಡಬೇಡಿ. ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಹಂಪ್ ತಗುಲಿದ ತಗ್ಗು ಇದ್ದರೆ ಮುಂದೆ ವಾರಂಟಿ ಕೇಳುವಾಗ ತಕರಾರು ಬರುತ್ತೆ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ. ಬುಡದಲ್ಲಿ ಕೆಸರಿನ ಗೆರೆ ಇದ್ದರೆ ನೀರಲ್ಲಿ ನಿಂತ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಎಷ್ಟು ಕಾರು ಮುಳುಗಿದ್ದವು ಅಂತ ಗೊತ್ತಲ್ಲ.

ಚಾರ್ಜರ್ ಪ್ಲಗ್‌ನ ಪಿನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸಡಿಲ ಸಾಕೆಟ್‌ನಲ್ಲಿ ಬಿಸಿಯಾಗಿದೆ ಅಂತ ಅರ್ಥ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂದ್ರೆ ಮೀಟರ್ ಬೋರ್ಡಿಂದ ಬೇರೆಯೇ ಲೈನ್ ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಆಫ್ ಆಗುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್), 16 ಆಂಪ್ ಇಂಡಸ್ಟ್ರಿಯಲ್ ಸಾಕೆಟ್. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜ್ ಶುರುವೇ ಆಗಲ್ಲ. ಜನ ಗಾಡಿ ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಹೊತ್ತುಕೊಂಡು ಹೋಗ್ತಾರೆ. ಹಾಗೇ ಗಾಡಿ ಪೂರ್ತಿ ಸತ್ತಂತೆ ಕಂಡರೆ ಮೊದಲು 12 ವೋಲ್ಟ್‌ನ ಚಿಕ್ಕ ಬ್ಯಾಟರಿ ನೋಡಿ. ಅದು ಇಳಿದರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ (ಕಾಂಟ್ಯಾಕ್ಟರ್) ಕೂಡಿಕೊಳ್ಳಲ್ಲ.

ಪ್ರಶ್ನೆ ಕೇಳಿದವರು:
ನೆಕ್ಸಾನ್ 85% ಅಂತ ಬಂದರೆ? ಬೆಲೆ ಚೌಕಾಸಿ ಮಾಡಿ ತಗೋಬಹುದಾ?

ಉತ್ತರ 3:
85% ಇದ್ದರೆ ಸಿಗೋದು 25–26 ಯೂನಿಟ್. ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100ರಲ್ಲಿ ಹೋದರೆ ನೆಕ್ಸಾನ್ ಕಿ.ಮೀ.ಗೆ 155 ವ್ಯಾಟ್-ಅವರ್ (1000 ಸೇರಿದರೆ ಒಂದು ಯೂನಿಟ್) ಆಸುಪಾಸು ತಿನ್ನುತ್ತೆ, ಅಂದ್ರೆ 160 ಕಿ.ಮೀ. ಟಿಯಾಗೊ 95% ಇದ್ದರೆ 22–23 ಯೂನಿಟ್. ಹಗುರ ಗಾಡಿ, ಕಿ.ಮೀ.ಗೆ 140 ವ್ಯಾಟ್-ಅವರ್‌ನಂತೆ ಹಿಡಿದರೂ ಅಷ್ಟೇ ದೂರ ಹೋಗುತ್ತೆ. ದೊಡ್ಡ ಬ್ಯಾಟರಿಯ ಲಾಭ ಅಲ್ಲಿಗೆ ಮುಗಿಯಿತು. ಎರಡಕ್ಕೂ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನೆಕ್ಸಾನ್‌ದು 2029ಕ್ಕೆ ಮುಗಿಯುತ್ತೆ, ಟಿಯಾಗೊದು 2031ಕ್ಕೆ. ಹಾಗಾಗಿ 90% ದಾಟಿದರೆ ನೆಕ್ಸಾನ್ ತಗೊಳ್ಳಿ, ಜಾಗವೂ ಜಾಸ್ತಿ. 85% ಅಂದ್ರೆ ನನ್ನ ಮತ ಟಿಯಾಗೊಗೇ, ಚೌಕಾಸಿಯಲ್ಲಿ ಚೆನ್ನಾಗಿ ಇಳಿಸಿದರೂ ಸರಿ.

ಇನ್ನೊಂದು: ಆರ್‌ಸಿಯಲ್ಲಿ ಮೊದಲು ಹಳದಿ ಬೋರ್ಡ್ ಆಗಿತ್ತಾ ಅಂತ ನೋಡಿ, ಟ್ಯಾಕ್ಸಿ ಬಳಕೆಗೆ ವಾರಂಟಿ ಷರತ್ತು ಬೇರೆ ಇರಬಹುದು. ಸಾಲ ಇದ್ದರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರಂ 35, ವರ್ಗಾವಣೆಗೆ 29 ಮತ್ತು 30. ಸರ್ವಿಸ್ ಸೆಂಟರ್‌ನಿಂದ ಹಿಸ್ಟರಿ ತೆಗೆಸಿ. ಸರ್ವಿಸ್ ತಪ್ಪಿಸಿದ ಗಾಡಿಗೆ ವಾರಂಟಿ ಉಳಿದಿದೆಯಾ ಅಂತ ಅಲ್ಲೇ ಬರೆದುಕೊಡೋಕೆ ಹೇಳಿ.