ಟರ್ಬೊ ಎಂಜಿನ್ನಿನ ಪೋರ್ಟಿಂಗ್ (ಗಾಳಿ, ಹೊಗೆ ಹಾಯುವ ದಾರಿಗಳನ್ನು ಉಜ್ಜಿ ಅಗಲ ಮಾಡುವುದು): ಸಿಲಿಂಡರ್ ಹೆಡ್ ಮೆಷಿನಿಸ್ಟ್ ಜೊತೆ ಪ್ರಶ್ನೋತ್ತರ

ಮಂಗಳೂರಿನ ಸದಸ್ಯ: ಸರ್, ನನ್ನ ಹಳೆಯ ಆಕ್ಟೇವಿಯಾ ಆರ್‌ಎಸ್ ಕಾರಿನ 1.8 ಲೀಟರ್ ಟರ್ಬೊ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ ಭಾಗ) ಇಳಿಸಿ, ಇಂಟೇಕ್ (ಗಾಳಿ ಒಳಬರುವ) ಮತ್ತು ಎಕ್ಸಾಸ್ಟ್ (ಹೊಗೆ ಹೊರಹೋಗುವ) ಪೋರ್ಟುಗಳನ್ನು, ಜೋಡಣೆಯ ನಡುವೆ ಕೂರುವ ಗ್ಯಾಸ್ಕೆಟ್ಟಿನ ಅಳತೆಗೆ ನಾನೇ ಗ್ರೈಂಡರಿನಲ್ಲಿ ಅಗಲ ಮಾಡಿದೆ. ಈಗ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಮಿತಿ ಮೀರಿ ಏರುತ್ತಿದೆ. ಹೊರಗೆಲ್ಲೂ ಸೋರಿಕೆ ಕಾಣದಿದ್ದರೂ ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ ಕಡಿಮೆಯಾಗುತ್ತದೆ, ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ.

ಉತ್ತರ: ದಯವಿಟ್ಟು ಇನ್ನು ಮುಂದೆ ಕಾರನ್ನು ಸ್ಟಾರ್ಟ್ ಮಾಡಬೇಡಿ. ಬೂಸ್ಟ್ ವಿಷಯ ಆಮೇಲೆ ನೋಡೋಣ; ನನಗೆ ಆತಂಕವಿರುವುದು ಕೂಲೆಂಟಿನ ಬಗ್ಗೆ. ಎಕ್ಸಾಸ್ಟ್ ಪೋರ್ಟಿನ ಗೋಡೆಯ ಆಚೆಗೇ ನೀರಿನ ಜಾಕೆಟ್ (ಕೂಲೆಂಟ್ ಹರಿಯುವ ಪೊಳ್ಳು) ಇರುತ್ತದೆ, ಮತ್ತು ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ತುಸು ಸರಿದಿದ್ದರೂ ಆ ಗೋಡೆ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಬಂದಿರುತ್ತದೆ. ಹೀಗಾಗಿ ಒಂದು ಪೋರ್ಟು ತಾಳಿಕೊಂಡ ಅಳತೆಯೇ ಪಕ್ಕದ ಪೋರ್ಟನ್ನು ತೂತು ಮಾಡಬಹುದು. ಗ್ಯಾಸ್ಕೆಟ್ಟಿನ ಕಿಂಡಿಯನ್ನು ಪೋರ್ಟಿಗಿಂತ ದೊಡ್ಡದಾಗಿಯೇ ಕತ್ತರಿಸಿರುತ್ತಾರೆ, ಅದನ್ನು ಅಳತೆಗೋಲಾಗಿ ಹಿಡಿದದ್ದೇ ತಪ್ಪು. ರಾತ್ರಿ ಜಿನುಗಿದ ನೀರು ತೆರೆದು ನಿಂತ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿದರೆ, ಬೆಳಿಗ್ಗೆ ಕೀಲಿ ತಿರುಗಿಸಿದ ಕ್ಷಣ, ನೀರನ್ನು ಒತ್ತಿ ಕುಗ್ಗಿಸಲಾಗದೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಹೆಡ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೂ ಇದೇ ಲಕ್ಷಣಗಳಿರುತ್ತವೆ. ಆದ್ದರಿಂದ ಎಂಜಿನ್ ತಣ್ಣಗಿರುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಪೋರ್ಟುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಬಿಚ್ಚಿಸಿ, ಕೂಲಿಂಗ್ ವ್ಯವಸ್ಥೆಗೆ ಪ್ರೆಶರ್ ಟೆಸ್ಟರ್ ಹಾಕಿಸಿ, ಒಂದು ಗಂಟೆ ಬಿಟ್ಟು ಪ್ರತಿಯೊಂದು ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ.

ಬೂಸ್ಟ್ ಒಮ್ಮೆಲೇ ಚಿಮ್ಮಿದರೆ, ಟರ್ಬೊಗೆ ಹೋಗುವ ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲಾದ ವೇಸ್ಟ್‌ಗೇಟಿನ ಹೋಸ್ ಹರಿದಿದೆಯೇ ನೋಡಿ. ಆರ್‌ಪಿಎಂ ಜೊತೆಗೆ ನಿಧಾನವಾಗಿ ಏರುತ್ತಲೇ ಹೋದರೆ, ಈಗ ಸಲೀಸಾಗಿ ನುಗ್ಗುತ್ತಿರುವ ಹೊಗೆಯನ್ನು ಪಕ್ಕಕ್ಕೆ ಬಿಡಲು ವೇಸ್ಟ್‌ಗೇಟಿನ ದಾರಿ ಸಾಲುತ್ತಿಲ್ಲ ಎಂದರ್ಥ.

ಹಾಸನದ ಸದಸ್ಯ: ಇಂಟೇಕ್ ಪೋರ್ಟನ್ನು ಕನ್ನಡಿಯಂತೆ ಪಾಲಿಶ್ ಮಾಡಬೇಕೇ? ಎಷ್ಟು ಎಚ್‌ಪಿ ಹೆಚ್ಚುತ್ತದೆ?

ಉತ್ತರ: ಪಾಲಿಶ್ ಬೇಡ. ಎಚ್‌ಪಿಯನ್ನು ಡೈನೊದಲ್ಲಿ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಅಳೆಯದೆ ಹೇಳಲಾಗದು.

ತುಮಕೂರಿನ ಸದಸ್ಯ: ನನ್ನ ಪೋಲೊ 1.0 ಟಿಎಸ್‌ಐ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪೋರ್ಟ್ ಮಾಡಿಕೊಡುವಿರಾ?

ಉತ್ತರ: ಅದರ ಮ್ಯಾನಿಫೋಲ್ಡ್ ಹೆಡ್ಡಿನ ಎರಕದಲ್ಲೇ ಸೇರಿದೆ, ಬೇರೆಯಾಗಿ ಇಲ್ಲ. ಕೈ ಹಾಕಬೇಡಿ.

ಬೆಳಗಾವಿಯ ಸದಸ್ಯ: ಫಾರ್ವರ್ಡ್ ಬಂದಿದೆ: ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಡೀಸೆಲ್ಲಿನಲ್ಲಿ ಕಲಸಿ, ಓಡುವ ಎಂಜಿನ್ನಿನ ಇಂಟೇಕ್ ಪೈಪಿಗೆ ಸುರಿದರೆ ಪೋರ್ಟು ತಾನಾಗಿ ನಯವಾಗುತ್ತದೆ.

ಉತ್ತರ: ಇದನ್ನು ಯಾರೂ ಮಾಡಬಾರದು. ಆ ಪೇಸ್ಟು ಮರಳಿನಂಥ ಅಪಘರ್ಷಕ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಅದು ಬಡಿಯುತ್ತದೆ, ಸಿಲಿಂಡರ್ ಗೋಡೆ ಮತ್ತು ರಿಂಗುಗಳನ್ನು ತಿನ್ನುತ್ತದೆ, ಆಯಿಲ್ ಸೇರಿ ಬೇರಿಂಗುಗಳವರೆಗೆ ಹೋಗುತ್ತದೆ. ಬಿಚ್ಚಿದ ಮ್ಯಾನಿಫೋಲ್ಡಿನೊಳಗೆ ಅಪಘರ್ಷಕ ಮುದ್ದೆಯನ್ನು ಯಂತ್ರದಿಂದ ಹಾಯಿಸುವ ವಿಧಾನ ನಿಜವಾಗಿಯೂ ಇದೆ. ಅದನ್ನು ಅರೆಬರೆ ಕೇಳಿದವರು ಹೀಗೆ ಬರೆದು ಹಂಚಿದ್ದಾರೆ. ಇನ್ನು ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ.

ಮೈಸೂರಿನ ಸದಸ್ಯ: ಪೋರ್ಟಿಂಗ್ ವ್ಯರ್ಥ. ಮಾಡಿಸಿದ ಮೇಲೆ ನನ್ನ ಕಾರಿನ ಬೂಸ್ಟ್ ಮೀಟರ್ ಕೆಳಗಿಳಿದಿದೆ.

ಧಾರವಾಡದ ಸದಸ್ಯ: ಎಂಜಿನ್ ನುಂಗಲಾಗದೆ ಒತ್ತರಿಸಿ ನಿಂತ ಗಾಳಿಯ ಒತ್ತಡವೇ ಬೂಸ್ಟ್. ದಾರಿ ಅಗಲವಾದರೆ ಒತ್ತಡ ಇಳಿದೂ ಹೆಚ್ಚು ಗಾಳಿ ಒಳಗೆ ಹೋಗಬಹುದು. ಮೀಟರ್ ನೋಡಿ ತೀರ್ಪು ಕೊಡಬೇಡಿ.

ಮೈಸೂರಿನ ಸದಸ್ಯ: ಹಣ ಕೊಟ್ಟವನು ನಾನು, ಓಡಿಸುವವನೂ ನಾನು. ಪುಸ್ತಕದ ಪಾಠ ಬೇಡ.

ಧಾರವಾಡದ ಸದಸ್ಯ: ಹಾಗಾದರೆ ಪಾಠ ಬೇಡದವರು ಇಲ್ಲಿ ಪ್ರಶ್ನೆಯನ್ನೂ ಹಾಕಬೇಡಿ.

ಶಿವಮೊಗ್ಗದ ಸದಸ್ಯ: ಪೋರ್ಟಿಂಗ್ ಮಾಡಿಸಿದ ಕಾರಿಗೆ ವಿಮೆ ಸಿಗುತ್ತದೆಯೇ?

ಹಾಸನದ ಸದಸ್ಯ: ಅಂದಾಜಿಗಾದರೂ ಎಷ್ಟು ಎಚ್‌ಪಿ?

ಉತ್ತರ: ಮೇಲೆ ಓದಿ.

ಮಂಗಳೂರಿನ ಸದಸ್ಯ: ಸರ್, ಟೆಸ್ಟ್ ಮಾಡಿಸಿದೆ. ಮೂರನೇ ಪೋರ್ಟಿನ ಮೇಲ್ಭಾಗದಲ್ಲಿ ನೀರು ಹನಿಯುತ್ತಿದೆ. ವೆಲ್ಡಿಂಗ್ ಸಾಕೇ?

ಉತ್ತರ: ಸ್ಟಾರ್ಟ್ ಮಾಡದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ವೆಲ್ಡ್ ಮಾಡಬಹುದು, ಆದರೆ ಆ ಶಾಖಕ್ಕೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ತಳ, ವಾಲ್ವ್ ಸೀಟು, ಕ್ಯಾಮ್‌ಶಾಫ್ಟಿನ ನೇರ ಎಲ್ಲವನ್ನೂ ಮತ್ತೆ ಸರಿಪಡಿಸಬೇಕು. ನಾನಾದರೆ ಪ್ರೆಶರ್ ಟೆಸ್ಟ್ ಆದ ಬೇರೊಂದು ಹೆಡ್ ಹುಡುಕುತ್ತೇನೆ, ಅದರ ಎಕ್ಸಾಸ್ಟ್ ಪೋರ್ಟನ್ನು ಮುಟ್ಟುವುದಿಲ್ಲ. ಹಳೆಯ ಹೆಡ್ಡನ್ನು ಎಸೆಯಬೇಡಿ. ಅಡ್ಡಲಾಗಿ ಕೊಯ್ದು ಕಳುಹಿಸಿದರೆ ಉಳಿದ ಗೋಡೆಗಳು ಎಷ್ಟು ದಪ್ಪ ಇವೆಯೆಂದು ಅಳೆದು ಇಲ್ಲಿಯೇ ತಿಳಿಸುತ್ತೇನೆ.